ಗೆಡ್ಡೆ ತೆಗೆದಾರಂತೆ

ಶಿಕಾರಿಪುರದಿಂದ ಈಸೂರಿಗೆ ಬರುವ ಮಧ್ಯಾಹ್ನದ ಬಸ್ಸಿನಲ್ಲಿ ಲಂಬಾಣಿ ತಾಂಡಾದ ಹೆಣ್ಣುಮಗಳೊಬ್ಬಳು ನನ್ನ ಪಕ್ಕ ಬಂದು ಕೂತಳು. ಮಡಿಲಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಸ್ಕ್ಯಾನಿಂಗ್ ಫಿಲ್ಮು, ಒಂದಿಷ್ಟು ಚೀಟಿ, ಅರ್ಧ ಖಾಲಿಯಾದ ಗುಳಿಗೆ ಹಾಳೆ. ನಾನು ಮೂವತ್ತು ವರ್ಷ ಈ ಸುತ್ತಿನ ಶಾಲೆಗಳಲ್ಲಿ ಪಾಠ ಮಾಡಿದವಳು. ಊರಿನವರಿಗೆ ಹೇಗೋ ತಾಂಡಾದವರಿಗೂ ಹಾಗೇ ನಾನು ‘ಅಕ್ಕೋರು’. ಗುರುತು ಹಿಡಿದವಳೇ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು.

“ಅಕ್ಕೋರೆ, ಇದ್ರಾಗೆ ಏನ್ ಬರ್ದಾರೆ ನೋಡ್ರಿ. ಹೋದ ವರ್ಷ ಆಪ್ರೇಷನ್ ಆಗಿದ್ದು. ಹೊಟ್ಟೆಯೊಳಗೆ ಗೆಡ್ಡೆ ಇತ್ತಂತೆ, ತೆಗೆದಾರಂತೆ. ಆವಾಗಿಂದ ಮೈಯೆಲ್ಲ ಬೆಂಕಿ ಹೊಡೆದಂಗೆ ಆಗ್ತದೆ. ಬೆವರು ಕಿತ್ಕೊಂಡು ಬರ್ತದೆ. ರಾತ್ರಿ ನಿದ್ದಿ ಇಲ್ಲ.”

ಶುಂಠಿ ಹೊಲದ ಬಿಸಿಲಿಗೆ ಹೀಗಾಗಿದೆ ಅಂದುಕೊಂಡಿದ್ದಳು. ಡಿಸ್ಚಾರ್ಜ್ ಹಾಳೆ ತೆರೆದೆ. ಪೂರಾ ಇಂಗ್ಲಿಷು. ವಯಸ್ಸು 31. ಅದರ ಕೆಳಗೆ ದೊಡ್ಡಕ್ಷರದಲ್ಲಿ ‘ಟಿಎಎಚ್ ವಿತ್ ಬಿಎಸ್‌ಒ’. ಕಡೆಯ ಪುಟದಲ್ಲಿ ನೀಲಿ ಹೆಬ್ಬೆಟ್ಟು. ಅಕ್ಷರಗಳ ಅರ್ಥ ನನಗೂ ಆಗಲಿಲ್ಲ. ಶಿವಮೊಗ್ಗದಲ್ಲಿ ಸ್ಟಾಫ್ ನರ್ಸ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿನಿಗೆ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿದೆ. ಬಸ್ಸು ಊರು ಮುಟ್ಟುವ ಮೊದಲೇ ಉತ್ತರ ಬಂತು: “ಅಕ್ಕೋರೆ, ಗರ್ಭಕೋಶ, ಎರಡೂ ಅಂಡಾಶಯ ಎಲ್ಲಾ ತೆಗ್ದಾರೆ. ವಯಸ್ಸು ಮೂವತ್ತೊಂದು ಅಂತ ತಪ್ಪಾಗಿ ಬರ್ದಿದಾರಾ?”

ತಪ್ಪಾಗಿ ಬರೆದಿರಲಿಲ್ಲ.

ಜನ ತುಂಬಿದ ಬಸ್ಸಿನಲ್ಲಿ ಹೇಳುವ ಮಾತಲ್ಲ ಅದು. ಇಳಿದ ಮೇಲೆ ಆಕೆಯನ್ನು ಮನೆಗೆ ಕರೆದು, ನೀರು ಕೊಟ್ಟು, ಕೂರಿಸಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ಒಂದೇ ಮಾತು: “ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

ಯಾವ ಊರು, ಯಾವ ನರ್ಸಿಂಗ್ ಹೋಮು ಎಂದು ಇಲ್ಲಿ ಬರೆಯುವುದಿಲ್ಲ. ಆಕೆಗೆ ಅದು ಬೇಡ. ಆದರೆ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದು ಆಕೆ ಒಬ್ಬಳದೇ ಪ್ರಶ್ನೆಯೂ ಅಲ್ಲ.

ಹತ್ತು ವರ್ಷದ ಹಿಂದೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಬಿಳಿಮುಟ್ಟು, ಕಿಬ್ಬೊಟ್ಟೆ ನೋವು, ಸೊಂಟನೋವು ಅಂತ ಖಾಸಗಿ ಆಸ್ಪತ್ರೆಗೆ ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಒಬ್ಬರ ಹಿಂದೆ ಒಬ್ಬರು ಗರ್ಭಕೋಶ ಕಳೆದುಕೊಂಡು ಬರುತ್ತಿದ್ದರು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ತಾಂಡಾ ತಾಂಡಾ ತಿರುಗಿ ಕೇಳಿದವು, ಆರೋಗ್ಯ ಇಲಾಖೆಯ ತನಿಖೆ ನಡೆಯಿತು, ಮಹಿಳಾ ಆಯೋಗವೂ ಕೈಹಾಕಿತು. ಹೊರಬಂದ ಲೆಕ್ಕ ಎರಡು ಸಾವಿರ ಮೀರಿತ್ತು. ಆ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ 35 ದಾಟಿರಲಿಲ್ಲ. 2015ರಲ್ಲಿ ನಾಲ್ಕು ಆಸ್ಪತ್ರೆಗಳ ಪರವಾನಗಿ ರದ್ದಾಯಿತೆಂದು ಆದೇಶ ಬಂತು. ಆದರೂ ಅವು ನಡೆಯುತ್ತಲೇ ಇವೆ ಎಂದು 2017ರ ಫೆಬ್ರುವರಿಯಲ್ಲಿ ಸಾವಿರಾರು ಹೆಂಗಸರು ಕಲಬುರಗಿಯ ಬೀದಿಗಿಳಿದರು. ಹೊಲಿಗೆಯ ಗುರುತಿರುವ ಹೊಟ್ಟೆ ಹೊತ್ತು, ಕೂಲಿ ಬಿಟ್ಟು ಬಂದವರು ಅವರು. ನಮ್ಮ ಕಡೆಗೆ ಹತ್ತಿರವಾದ ಬೀರೂರಿನಲ್ಲೂ ಇಂಥದೇ ದೂರು ಎದ್ದಿತ್ತು. ಅಲ್ಲಿನ ದೂರು ಸರ್ಕಾರಿ ಆಸ್ಪತ್ರೆಯ ಮೇಲೆ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲ ಕಡೆಯೂ ಕತೆ ಒಂದೇ. ಬಿಳಿಮುಟ್ಟು ಬಹಳ ಸಲ ಬರೀ ಸೋಂಕು. ಪರೀಕ್ಷೆ ಮಾಡಿ, ಬೇಕಿದ್ದರೆ ಗಂಡನಿಗೂ ಸೇರಿಸಿ ಗುಳಿಗೆ ಕೊಟ್ಟರೆ ವಾಸಿಯಾಗುವಂಥದ್ದು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋದರೆ ಮೊದಲು ನೋಡಬೇಕಾದದ್ದು ರಕ್ತಹೀನತೆ, ಥೈರಾಯ್ಡ್. ರಕ್ತ ನಿಲ್ಲಿಸುವ ಗುಳಿಗೆಗಳಿವೆ, ಹಾರ್ಮೋನಿನ ಗುಳಿಗೆಗಳಿವೆ, ಗರ್ಭಕೋಶದೊಳಗೆ ಇರಿಸುವ ಹಾರ್ಮೋನು ಸಾಧನವಿದೆ. ಇವೆಲ್ಲಕ್ಕೂ ಸಮಯ ಬೇಕು. ಎರಡು ಮೂರು ಸಲ ಕರೆಸಿ ನೋಡಬೇಕು, ಮಾತಾಡಬೇಕು. ಆಪರೇಷನ್ನಿಗಾದರೆ ಒಂದೇ ದಿನ ಸಾಕು. ಒಂದು ಸ್ಕ್ಯಾನಿಂಗ್ ಮಾಡಿಸಿ, ‘ಗರ್ಭಕೋಶ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ’ ಎಂದುಬಿಟ್ಟರೆ ಮುಗಿಯಿತು. ಕ್ಯಾನ್ಸರ್ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಯಾವ ಗಂಡ, ಯಾವ ಅತ್ತೆ ತಡ ಮಾಡುತ್ತಾರೆ? ಕಿವಿಯೋಲೆ ಅಡವಿಡುತ್ತಾರೆ, ಮೇಸ್ತ್ರಿಯ ಹತ್ತಿರ ಮುಂಗಡ ಎತ್ತುತ್ತಾರೆ. ಆ ಮುಂಗಡ ತೀರಿಸಲು ಹೊಲಿಗೆ ಒಣಗುವ ಮುಂಚೆಯೇ ಗುಳೆ ಹೋಗುತ್ತಾರೆ, ಕಾಫಿ ತೋಟಕ್ಕೋ ಕಬ್ಬು ಕಡಿಯುವುದಕ್ಕೋ.

ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸು ಒಂದೇ ರಾತ್ರಿಯಲ್ಲಿ ಬಂದುಬಿಡುತ್ತದೆ. ಹೆಣ್ಣಿನ ಮೂಳೆಯನ್ನೂ ಹೃದಯವನ್ನೂ ಕಾಯುವ ಈಸ್ಟ್ರೋಜನ್ ನಿಂತುಹೋಗುತ್ತದೆ. ಐವತ್ತರ ಆಸುಪಾಸಿನಲ್ಲಿ ಮೆಲ್ಲಗೆ ಬರಬೇಕಾದ ಆ ಉರಿ, ಬೆವರು, ಕೀಲುನೋವು 31ನೇ ವಯಸ್ಸಿಗೇ ಬರುತ್ತದೆ. ಬಸ್ಸಿನಲ್ಲಿ ಸಿಕ್ಕ ಆಕೆಗೆ ಆಗುತ್ತಿದ್ದುದು ಅದೇ. ಆ ಉರಿಗಾಗಿ ಆಕೆ ಮೂರು ಕಡೆ ತೋರಿಸಿದ್ದಳು. ಮೂರು ಕಡೆಯೂ ಆಕೆಯ ಚೀಲದಲ್ಲಿ ಆ ಡಿಸ್ಚಾರ್ಜ್ ಹಾಳೆ ಇತ್ತು. ಯಾರೂ ಕೈಹಾಕಿ ತೆಗೆದು ನೋಡಲಿಲ್ಲ. ನೋವಿನ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಕೊಟ್ಟು ಕಳಿಸಿದ್ದರು.

ಗರ್ಭಕೋಶ ತೆಗೆಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ದೊಡ್ಡ ಗೆಡ್ಡೆಗಳಿಗೆ, ಕ್ಯಾನ್ಸರಿಗೆ, ಹೆರಿಗೆಯಲ್ಲಿ ನಿಲ್ಲದ ರಕ್ತಸ್ರಾವಕ್ಕೆ ಅದು ಜೀವ ಉಳಿಸುವ ಚಿಕಿತ್ಸೆ. ನನ್ನ ಸ್ವಂತ ತಂಗಿ ಬದುಕಿರುವುದು ಅದರಿಂದ. ಆದರೆ ನನ್ನ ತಂಗಿಗೆ ಡಾಕ್ಟರು ಚಿತ್ರ ಬರೆದು ತೋರಿಸಿದರು, ಇನ್ನೊಬ್ಬರ ಹತ್ತಿರವೂ ಕೇಳಿಕೊಂಡು ಬನ್ನಿ ಎಂದರು, ಅಂಡಾಶಯ ಉಳಿಸುತ್ತೇವೆ ಎಂದು ಮೊದಲೇ ಹೇಳಿದರು. ನನ್ನ ತಂಗಿ ಬ್ಯಾಂಕಿನಲ್ಲಿದ್ದವಳು, ನಮ್ಮ ನೆಂಟರಲ್ಲಿ ಇಬ್ಬರು ಡಾಕ್ಟರು. ತಾಂಡಾದ ಹೆಣ್ಣುಮಗಳಿಗೆ ಚಿತ್ರ ಬರೆದು ತೋರಿಸಿದವರು ಯಾರೂ ಇರಲಿಲ್ಲ. ಇಬ್ಬರಿಗೂ ಆದ ಆಪರೇಷನ್ ಒಂದೇ ಜಾತಿಯದು, ಕೈಗೆ ಕೊಟ್ಟ ಹಾಳೆಯೂ ಒಂದೇ ಥರದ್ದು. ಭೇದ ನಡೆದದ್ದು ಅದಕ್ಕೂ ಮುಂಚೆ, ಮಾತಾಡುವ ಜಾಗದಲ್ಲಿ.

ಜನಾಂಗಭೇದ ಎಂದರೆ ನಾವು ಅಮೆರಿಕದ ಕಡೆ ಬೆರಳು ತೋರಿಸುತ್ತೇವೆ. ಅಲ್ಲಿನ ಲೆಕ್ಕ ಕಣ್ಣಿಗೆ ಹೊಡೆಯುವಂತಿರುವುದೂ ನಿಜ. 2021ರಲ್ಲಿ ಅಲ್ಲಿ ಒಂದು ಲಕ್ಷ ಹೆರಿಗೆಗೆ ಬಿಳಿಯ ತಾಯಂದಿರು 26.6ರಷ್ಟು ಸತ್ತರೆ ಕಪ್ಪು ತಾಯಂದಿರು 69.9ರಷ್ಟು. ಬಡತನ ಒಂದೇ ಕಾರಣವೆಂದು ತಳ್ಳಿಹಾಕುವಂತಿಲ್ಲ. ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ 2017ರಲ್ಲಿ ಮಗು ಹೆತ್ತ ಮರುದಿನ ಉಸಿರು ಕಟ್ಟಿದಂತಾಗಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬೇಕು, ಸ್ಕ್ಯಾನ್ ಮಾಡಿ ಎಂದು ತಾನೇ ಹೇಳಿದರೂ ಆಸ್ಪತ್ರೆಯವರು ಮೊದಲಿಗೆ ನಂಬಲಿಲ್ಲ. ನೋವಿನ ಔಷಧಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಕೊನೆಗೆ ಸ್ಕ್ಯಾನ್ ಮಾಡಿದಾಗ ಹೆಪ್ಪು ಅಲ್ಲೇ ಇತ್ತು. 2016ರಲ್ಲಿ ವರ್ಜೀನಿಯಾದಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನು ಕೇಳಿ ನೋಡಿದಾಗ, ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದವರು ಸುಮಾರು ಅರ್ಧದಷ್ಟಿದ್ದರು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಂದಾಜು ಮಾಡಿದರು.

ಓದಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಹೆರಿಗೆ ವಾರ್ಡುಗಳಲ್ಲಿ ಕಿವಿಯಾರೆ ಕೇಳಿದ ಮಾತುಗಳು. “ಇವ್ರದ್ದು ಗಟ್ಟಿ ಜೀವ ಬಿಡ್ರಿ, ಏನೂ ಆಗಲ್ಲ.” “ತಾಂಡಾದೋರಿಗೆ ನೋವು ತಡೀತದೆ.” “ಇವ್ರಿಗೆ ಹೇಳಿದ್ರೆ ತಿಳಿಯಲ್ಲ.” ಹೇಳಿದವರು ಕೆಟ್ಟವರೇನಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿಯುವವರು, ಕೆಲವರು ನನ್ನ ಶಿಷ್ಯೆಯರೇ. ಬೈಗುಳವಾಗಿದ್ದರೆ ಯಾರಾದರೂ ತಡೆಯುತ್ತಿದ್ದರು. ಮೆಚ್ಚುಗೆಯ ಹಾಗೆ ಕೇಳಿಸುವ ‘ಗಟ್ಟಿ ಜೀವ’ವನ್ನು ಯಾರೂ ತಡೆಯುವುದಿಲ್ಲ. ಆದರೆ ಗಟ್ಟಿ ಜೀವ ಅನ್ನಿಸಿಕೊಂಡವಳ ಕಿರುಚಾಟಕ್ಕೆ ಕೈ ತಡವಾಗಿ ಬರುತ್ತದೆ. ತಿಳಿಯುವುದಿಲ್ಲ ಅನ್ನಿಸಿಕೊಂಡವಳಿಗೆ ಹೇಳುವ ಗೋಜಿಗೇ ಹೋಗುವುದಿಲ್ಲ.

ಈ ತಾಂಡಾಗಳ ಲಂಬಾಣಿಗರು ಒಂದು ಕಾಲದಲ್ಲಿ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶವನ್ನೆಲ್ಲ ಸುತ್ತಿದವರು. ರೈಲು ಬಂದು ಆ ವ್ಯಾಪಾರ ಸತ್ತಿತು. ಬ್ರಿಟಿಷರು 1871ರ ಕಾನೂನಿನಲ್ಲಿ ಅಲೆಮಾರಿಗಳನ್ನು ಹುಟ್ಟಾ ಅಪರಾಧಿಗಳ ಪಟ್ಟಿಗೆ ಸೇರಿಸುತ್ತಾ ಹೋದಾಗ ಹಲವು ಕಡೆ ಲಂಬಾಣಿಗರೂ ಅದರಲ್ಲಿ ಸೇರಿದರು. ನಮ್ಮ ಶಿಕಾರಿಪುರ, ಸೊರಬ ಸೀಮೆಯಲ್ಲಿ ತಾಂಡಾ ಇಲ್ಲದ ದಿಕ್ಕಿಲ್ಲ. ಅವರ ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ಪಕ್ಕದ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಫೆಬ್ರುವರಿಯಲ್ಲಿ ಜಯಂತಿಗೆ ಹೋಗುವವರಿಗೆ ದಾರಿಯಲ್ಲಿ ನಾವೇ ಮಜ್ಜಿಗೆ ಕೊಡುತ್ತೇವೆ. ಇಷ್ಟು ಹತ್ತಿರವಿದ್ದೂ ತಾಂಡಾದ ಮಾತು ನಮಗೆ ಬರುವುದಿಲ್ಲ. ಮೂವತ್ತು ವರ್ಷದಲ್ಲಿ ನಾನು ಕಲಿತದ್ದು ತಾಯಿಗೆ ‘ಯಾಡಿ’ ಅನ್ನುತ್ತಾರೆ ಎಂಬುದು ಮತ್ತು ಇನ್ನೊಂದು ಹತ್ತಿಪ್ಪತ್ತು ಮಾತು. ನಮ್ಮ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಓದಿದರು, ಆದರೆ ಅವರ ಮನೆಮಾತು ಶಾಲೆಯ ಹೊಸಿಲು ದಾಟಲಿಲ್ಲ. ಆಸ್ಪತ್ರೆಯ ಹೊಸಿಲಂತೂ ಇನ್ನೂ ಎತ್ತರ. ಹೆಂಗಸಿನ ಕಾಯಿಲೆಯನ್ನು ಗಂಡಸು ಡಾಕ್ಟರ ಎದುರು, ಮನೆಯಲ್ಲಿ ಆಡದ ಭಾಷೆಯಲ್ಲಿ, ಹಿಂದೆ ನಿಂತ ಹತ್ತು ಜನರಿಗೆ ಕೇಳುವಂತೆ ಹೇಳಬೇಕು. ಹಾಗಾಗಿ ಆಕೆ ‘ಹೊಟ್ಟೆನೋವು’ ಅನ್ನುತ್ತಾಳೆ, ಅಷ್ಟೇ. ಉಳಿದದ್ದನ್ನು ಅವರು ಕೇಳುವುದಿಲ್ಲ, ಈಕೆ ಹೇಳುವುದಿಲ್ಲ.

ಕತ್ತರಿ ಬೇಗ ಬಂದದ್ದು ಒಂದು ಮುಖ. ಕೈಯೇ ಮುಂದೆ ಬಾರದ್ದು ಇನ್ನೊಂದು. 2022ರ ನವೆಂಬರ್ ಮೊದಲ ವಾರ ತುಮಕೂರಿನಲ್ಲಿ ನಡೆದದ್ದನ್ನು ಓದುಗರು ಮರೆತಿರಲಾರರು. ತಮಿಳುನಾಡಿನಿಂದ ಬಂದು ಬಾಡಿಗೆ ಕೋಣೆಯಲ್ಲಿದ್ದ ತುಂಬು ಬಸುರಿ, ಜೊತೆಗೆ ಪುಟ್ಟ ಮಗಳು. ನೋವು ಶುರುವಾದಾಗ ಅಕ್ಕಪಕ್ಕದವರು ಚಂದಾ ಎತ್ತಿ ಜಿಲ್ಲಾಸ್ಪತ್ರೆಗೆ ಕರೆದೊಯ್ದರು. ತಾಯಿ ಕಾರ್ಡ್ ಎಲ್ಲಿ, ಆಧಾರ್ ಎಲ್ಲಿ ಎಂದರು. ಎರಡೂ ಇರಲಿಲ್ಲ. ವಾಪಸು ಬಂದಳು. ಆ ರಾತ್ರಿ ಮನೆಯಲ್ಲೇ ಹೆರಿಗೆಯಾಗಿ, ಅವಳಿ ಮಕ್ಕಳೂ ತಾಯಿಯೂ ತೀರಿಕೊಂಡರು. ವೈದ್ಯೆ ಮತ್ತು ದಾದಿಯರ ಅಮಾನತು ಆಯಿತು, ದಾಖಲೆ ಇಲ್ಲವೆಂದು ಯಾರನ್ನೂ ತಿರುಗಿಸಿ ಕಳಿಸಬಾರದು ಎಂದು ಸರ್ಕಾರ ಹೇಳಿತು. ಕನ್ನಡ ಮಾತಾಡುವ, ಗಂಡ ಜೊತೆಗಿರುವ, ಕೊರಳಲ್ಲಿ ಎರಡೆಳೆ ಬಂಗಾರವಿರುವ ಹೆಂಗಸು ಕಾರ್ಡು ಮರೆತು ಬಂದಿದ್ದರೆ ಏನಾಗುತ್ತಿತ್ತು? ‘ಮಲಗ್ರಿ, ಆಮೇಲೆ ತಂದುಕೊಡಿ’ ಎನ್ನುತ್ತಿದ್ದರು ಎಂದು ನಾನು ನಂಬುತ್ತೇನೆ. ಹಾಗೆ ಅಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಯಾರ ಕಾಯಿಲೆ ಎಷ್ಟು ದೊಡ್ಡದು ಎಂದು ಅಳೆಯುವುದರಲ್ಲೂ ಇದೇ ಭೇದವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯಿಂದ ವೈರಸ್ ವಿಜ್ಞಾನಿಗಳು ಬಂದರು, ಆ ಕಾಡಿನ ಹೆಸರಿನ ಕಾಯಿಲೆ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಸೇರಿತು. ಬರಬೇಕಾದ್ದೇ. ಆಮೇಲೆ 1970ರ ದಶಕದ ನಡುವೆ ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಇನ್ನೊಂದು ಕಾಯಿಲೆ ಕಂಡಿತು. ಸೊಂಟದ ಕೀಲು, ಮಂಡಿ ಸವೆದು ನಡೆಯಲಾಗದ ಸ್ಥಿತಿ, ಕೆಲವರಲ್ಲಿ ಕುಳ್ಳತನ. ಅದು ಹೆಚ್ಚಾಗಿ ಕಂಡದ್ದು ಚಲವಾದಿ ಮತ್ತು ಚನ್ನಂಗಿ ಎಂಬ ದಲಿತ ಸಮುದಾಯಗಳಲ್ಲಿ. ಗದ್ದೆಯ ಏಡಿ ತಿಂದದ್ದಕ್ಕೆ, ಅದರಲ್ಲಿದ್ದ ಕೀಟನಾಶಕಕ್ಕೆ ಹೀಗಾಯಿತು ಎಂದು ಮೊದಲು ಅನುಮಾನಪಟ್ಟರು. ವಂಶದಲ್ಲಿ ಬರುವ ಕಾಯಿಲೆ ಎಂದು ತಿಳಿದದ್ದು ಆಮೇಲೆ. ಏಡಿಯ ಮಾತು ಮಾತ್ರ ಊರುಗಳಲ್ಲಿ ಉಳಿದುಕೊಂಡಿತು. ಬಡವರ ಕಾಯಿಲೆಗೆ ಬಡವರ ಊಟವೇ ಕಾರಣ ಎನ್ನುವುದು ಎಷ್ಟು ಸುಲಭ! ಆ ಮನೆಗಳಲ್ಲಿ ಕೋಲೂರಿಕೊಂಡು ಒಲೆ ಹಚ್ಚುವ, ತೆವಳಿಕೊಂಡು ಬಟ್ಟೆ ಒಗೆಯುವ ಹೆಂಗಸರ ಪಾಡನ್ನು ಯಾವ ಪುಸ್ತಕವೂ ಕ್ಯಾಸನೂರಿನಷ್ಟು ದೊಡ್ಡಕ್ಷರದಲ್ಲಿ ಬರೆಯಲಿಲ್ಲ.

ಈಸೂರಿನವಳಾಗಿ ಇದನ್ನು ಬರೆಯುವಾಗ ಒಂದು ಮಾತು ಬಾಯಿಗೆ ಬರುತ್ತಲೇ ಇದೆ. ‘ಏಸೂರು ಕೊಟ್ಟರೂ ಈಸೂರು ಕೊಡೆವು.’ 1942ರಲ್ಲಿ ಈ ಸಣ್ಣ ಊರು ತಾನು ಸ್ವತಂತ್ರ ಎಂದು ಸಾರಿಕೊಂಡಿತು. 1943ರಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಮೂವರು ಹೆಣ್ಣುಮಕ್ಕಳಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಹೆಸರುಗಳನ್ನು ನಾನು ವರ್ಷವರ್ಷವೂ ಮಕ್ಕಳ ಬಾಯಲ್ಲಿ ಹೇಳಿಸಿದ್ದೇನೆ. ‘ಕೊಡೆವು’ ಎಂಬ ಕ್ರಿಯಾಪದವನ್ನು ವ್ಯಾಕರಣದ ಪಾಠದಲ್ಲೂ ಬಳಸಿದ್ದೇನೆ. ಆದರೆ ಕೊಡುವುದಿಲ್ಲ ಎನ್ನಬೇಕಾದರೆ ಏನನ್ನು ಕೇಳುತ್ತಿದ್ದಾರೆ ಎಂದು ಮೊದಲು ಗೊತ್ತಿರಬೇಕು. ನನ್ನ ತೊಡೆಯ ಮೇಲಿದ್ದ ಹಾಳೆಯ ಕೊನೆಯ ಪುಟದ ಹೆಬ್ಬೆಟ್ಟು ಏನನ್ನು ಕೊಟ್ಟಿತೋ ಅದು ಹೆಬ್ಬೆಟ್ಟಿನವಳಿಗೆ ಗೊತ್ತಿರಲಿಲ್ಲ.

ಈ ಬಗ್ಗೆ ಕಾನೂನು ಸ್ಪಷ್ಟವಾಗಿಯೇ ಇದೆ. ದೆಹಲಿಯ 44 ವರ್ಷದ ಮಹಿಳೆಯೊಬ್ಬರಿಗೆ ಪರೀಕ್ಷೆಗೆಂದು ಮತ್ತು ಕೊಟ್ಟು, ಆಕೆ ಎಚ್ಚರವಿಲ್ಲದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದಿದ್ದರು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದು ತಪ್ಪೆಂದು ತೀರ್ಪು ಕೊಟ್ಟಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಪ್ರಾಣಾಪಾಯವಿಲ್ಲದಾಗ ಆಕೆ ಎಚ್ಚರಗೊಂಡು ತಾನೇ ಹೇಳುವವರೆಗೆ ಕಾಯಬೇಕು. ಚಿಕಿತ್ಸೆ ಏನು, ಬೇರೆ ದಾರಿ ಏನಿದೆ, ಅಪಾಯವೇನು ಎಂದು ತಿಳಿಸಿ ಪಡೆದರೆ ಮಾತ್ರ ಅದು ಒಪ್ಪಿಗೆ. ಬಿಹಾರ, ಛತ್ತೀಸಗಡ, ರಾಜಸ್ಥಾನಗಳಲ್ಲಿ ವಿಮೆಯ ಹಣಕ್ಕಾಗಿ ಬಡ ಹೆಂಗಸರ ಗರ್ಭಕೋಶ ತೆಗೆಯುತ್ತಿದ್ದಾರೆಂದು ರಾಜಸ್ಥಾನದ ವೈದ್ಯರೊಬ್ಬರು ಹಾಕಿದ ಅರ್ಜಿಯ ಮೇಲೆ 2023ರ ಏಪ್ರಿಲಿನಲ್ಲಿ ಇನ್ನೊಂದು ಆದೇಶ ಬಂತು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಎಂದು. 40 ದಾಟದವರ ಗರ್ಭಕೋಶ ತೆಗೆದರೆ ಅದರ ಮೇಲೆ ಕಣ್ಣಿಡಲು ಜಿಲ್ಲಾ ಮಟ್ಟದ ಸಮಿತಿ ಇರಬೇಕು ಎನ್ನುತ್ತದೆ ಆ ಮಾರ್ಗಸೂಚಿ.

ಸಮಿತಿ ಇದ್ದರೆ ಸಾಲದು, ತಾಂಡಾದ ಹೆಂಗಸಿಗೆ ಅದು ಮುಟ್ಟಬೇಕು. ನಾನು ಕೇಳುವುದು ದೊಡ್ಡದೇನಲ್ಲ. ಒಪ್ಪಿಗೆ ಪತ್ರ, ಡಿಸ್ಚಾರ್ಜ್ ಹಾಳೆ ಎರಡೂ ಕನ್ನಡದಲ್ಲಿರಲಿ. ‘ಗರ್ಭಕೋಶ ತೆಗೆಯಲಾಗಿದೆ, ಅಂಡಾಶಯ ತೆಗೆಯಲಾಗಿದೆ’ ಎಂಬ ಎರಡು ಸಾಲು ಬರೆಯಲು ಯಾವ ಆಸ್ಪತ್ರೆಗೂ ಖರ್ಚಿಲ್ಲ. ಓದಲು ಬಾರದವರಿಗೆ ಅವರ ಮನೆಮಾತಿನಲ್ಲಿ ಓದಿ ಹೇಳಿ, ಹೇಳಿದವರು ಸಹಿ ಹಾಕಲಿ. ತಾಂಡಾಗಳಲ್ಲಿ ಹುಟ್ಟಿ ಬೆಳೆದ ಆಶಾ ಕಾರ್ಯಕರ್ತೆಯರು ಈಗ ಇದ್ದಾರೆ. ಹೆರಿಗೆಗೆ ಜೊತೆಗೆ ಹೋಗುವ ಹಾಗೆ ಇಂಥ ಆಪರೇಷನ್ನಿನ ಮಾತು ಬಂದಾಗಲೂ ಅವರು ಒಳಗೆ ಬರಲು ಬಿಡಬೇಕು, ‘ನೀನು ಹೊರಗೆ ನಿಲ್ಲಮ್ಮ’ ಎನ್ನಬಾರದು. ಹಾಗೆ ಅನ್ನಿಸಿಕೊಂಡು ಬಂದು ನನ್ನ ಜಗಲಿಯಲ್ಲಿ ಕೂತು ಅತ್ತವರಿದ್ದಾರೆ.

ಬಸ್ಸಿನಲ್ಲಿ ಸಿಕ್ಕ ಆಕೆಯನ್ನು ನನ್ನ ಶಿಷ್ಯೆಯೇ ಶಿವಮೊಗ್ಗಕ್ಕೆ ಕರೆಸಿಕೊಂಡು ಸ್ತ್ರೀರೋಗ ತಜ್ಞೆಯೊಬ್ಬರಿಗೆ ತೋರಿಸಿದಳು. ಹಾಳೆಯನ್ನು ಪೂರ್ತಿ ಓದಿದ ಮೊದಲ ಡಾಕ್ಟರು ಅವರು. ಈಗ ಹಾರ್ಮೋನಿನ ಗುಳಿಗೆ ನಡೆದಿದೆ, ರಾತ್ರಿ ಸ್ವಲ್ಪ ನಿದ್ದೆ ಬರುತ್ತದಂತೆ. ಹೋದ ಅಮಾವಾಸ್ಯೆಯ ಮಾರನೇ ದಿನ ಆಕೆ ಮತ್ತೆ ಬಂದಿದ್ದಳು, ಜೊತೆಗೆ ನಾದಿನಿ. ಇಪ್ಪತ್ತೇಳರ ಹುಡುಗಿ, ಕಂಕುಳಲ್ಲಿ ಮಗು. ಅದೇ ಥರದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಹೊಸ ಸ್ಕ್ಯಾನಿಂಗ್ ಫಿಲ್ಮು. ಸೋಮವಾರ ಅಡ್ಮಿಟ್ ಆಗಲು ಹೇಳಿದ್ದಾರೆ, ಹಣ ತರಲು ಹೇಳಿದ್ದಾರೆ.

ಚೀಲವನ್ನು ಈ ಸಲ ನನ್ನ ತೊಡೆಯ ಮೇಲಿಡಲಿಲ್ಲ. ಹಾಳೆಯನ್ನು ತಾನೇ ತೆಗೆದು, ಬಿಡಿಸಿ, ನನ್ನ ಕಣ್ಣೆದುರು ಹಿಡಿದಳು.

“ಒಂದೊಂದೇ ಸಾಲು ಓದ್ರಿ ಅಕ್ಕೋರೆ. ನಾನು ಇವ್ಳಿಗೆ ನಮ್ ಮಾತಿನಾಗೆ ಹೇಳ್ತೀನಿ. ಆಮೇಲೆ ಇವ್ಳು ಹೂಂ ಅಂದ್ರೆ ಹೋಗ್ತೀವಿ.”